ಐದು ಸಾಲಿನ ಪವಮಾನರಾಯರು

ಪವಮಾನರಾಯರ ನಡಿಗೆಯನ್ನು ಒಮ್ಮೆ ಕಂಡವರು ಜನ್ಮದಲ್ಲಿ ಮರೆಯುವಂತಿರಲಿಲ್ಲ. ವಾಡಿ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮಿನ ಮೇಲೆ, ಸಿಮೆಂಟಿನ ಬೂದು ಧೂಳು ಎಳೆಬಿಸಿಲಿನಲ್ಲಿ ತೇಲುತ್ತಿರುವ ಹೊತ್ತಿನಲ್ಲಿ, ಕಾಫಿಬಣ್ಣದ ಕೋಟು ತೊಟ್ಟ ಎತ್ತರದ ವ್ಯಕ್ತಿಯೊಬ್ಬರು ಸರಸರನೆ ನಾಲ್ಕು ಹೆಜ್ಜೆ ಹಾಕಿ, ಗಕ್ಕನೆ ನಿಂತು, ಕತ್ತು ತಿರುಗಿಸಿ, ತಾವು ಬಂದ ದಾರಿಯನ್ನೇ ಒಮ್ಮೆ ಪರಾಂಬರಿಸಿ, ಎಲ್ಲವೂ ಇದ್ದಲ್ಲಿಯೇ ಇದೆಯೆಂದು ಖಾತ್ರಿಯಾದ ಮೇಲೆ ಮತ್ತೆ ನಾಲ್ಕು ಹೆಜ್ಜೆ ಮುಂದಿಟ್ಟರೆಂದರೆ, ಅವರು ರಾಯರೇ ಸೈ. ಹೊಸದಾಗಿ ಬಂದ ಟಿಕೆಟ್ ಕಲೆಕ್ಟರನೊಬ್ಬ, ಇದು ಟಿಕೆಟಿಲ್ಲದವರ ಕಳ್ಳನಡಿಗೆಯೇ ಹೌದೆಂದು ತೀರ್ಮಾನಿಸಿ ಬೆನ್ನುಹತ್ತಿದ್ದ. ರಾಯರು ತಿಂಗಳ ಪಾಸು ತೆಗೆದು ಮೂಗಿನ ಮುಂದೆ ಹಿಡಿದಾಗ ಪೆಚ್ಚಾಗಿ, ಚಹಾದ ಗಾಡಿಯ ಹಿಂದೆ ಸರಿದುಹೋದ.

ಚಿತ್ತಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ರಾಯರಿಗೆ ದಿನವೂ ವಾಡಿಯಿಂದ ರೈಲಿನ ಪ್ರಯಾಣ. ಮೇ ತಿಂಗಳಲ್ಲಿ ಹಳಿಗಳೇ ಕಾದು ಮಿರುಗುತ್ತಿರುವಾಗಲೂ ಆ ಕೋಟು ಅವರ ಮೈಬಿಟ್ಟು ಇಳಿದದ್ದಿಲ್ಲ. ಅದಕ್ಕೆ ಕಾರಣ ಶೋಕಿಯಲ್ಲ, ಜೇಬುಗಳು. ಎಡಗಡೆಯ ಜೇಬಿನಲ್ಲಿ ಹೊಸತು, ಬಲಗಡೆಯ ಜೇಬಿನಲ್ಲಿ ಹಳೆಯದು; ಮೊದಲಿಗೆ ಫ್ಲಾಪಿಗಳು, ಮುಂದೆ ಸಿ.ಡಿ.ಗಳು, ಆಮೇಲೆ ಪೆನ್‌ಡ್ರೈವು. ಎರಡೂ ಜೇಬಿನ ಸಾಮಾನು ಅಪ್ಪಿತಪ್ಪಿಯೂ ಕಲೆಯಬಾರದು! ಒಮ್ಮೆ ಇಸ್ತ್ರಿ ಮಾಡಲೆಂದು ಪತ್ನಿ ವೃಂದಾಬಾಯಿ ಜೇಬುಗಳನ್ನು ಖಾಲಿ ಮಾಡಿ, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಹಾಕಿಟ್ಟ ದಿನ ಆ ಮನೆಯಲ್ಲಿ ಎದ್ದ ರಂಪವನ್ನು ಓಣಿಯವರು ಬಹಳ ವರ್ಷ ನೆನೆಸಿಕೊಂಡು ನಕ್ಕರು.

ಅವರ ಬಾಯಿಗೆ ಅಂಟಿಕೊಂಡ ಮಾತು ಒಂದೇ: “ಎಷ್ಟು ಬೇಕೋ ಅಷ್ಟ.” ತಟ್ಟೆಗೆ ಬಡಿಸುವಾಗ ಅಷ್ಟ, ಪಾಠ ಹೇಳುವಾಗ ಅಷ್ಟ, ಬೀಗರ ಮನೆಯ ಮದುವೆಯಲ್ಲಿ ನಾಲ್ಕು ಮಾತು ಹೇಳಿರೆಂದು ಮೈಕು ಕೊಟ್ಟರೆ, “ಛಲೋ ಇರ್ರಿ” ಎಂದು ಎರಡೇ ಪದ ಹೇಳಿ ಇಳಿದುಬಂದ ಮಹಾನುಭಾವರು ಅವರು. ನಡುಮನೆಯ ಶಹಾಬಾದಿ ಫರಸಿಯಲ್ಲಿ ಒಂದು ಕಲ್ಲು ಸೀಳಿದಾಗ, ಗೌಂಡಿ ವಿಠೋಬಾ ನೆಲವನ್ನೆಲ್ಲ ಕಿತ್ತು ಹೊಸದು ಹಾಕುವುದೇ ಲೇಸೆಂದು ಅರ್ಧ ದಿನ ವಾದಿಸಿದ. “ಸೀಳಿದ್ದು ಒಂದ ಕಲ್ಲು ಅಲ್ಲೋ ವಿಠೋಬಾ? ಉಳದ ಕಲ್ಲು ನಿನಗೇನು ಅಂದಾವು?” ಎಂದು ರಾಯರು ಕೇಳಿದರು. ವಿಠೋಬಾ ತಲೆ ಕೆರೆದುಕೊಂಡು, ಆ ಒಂದು ಕಲ್ಲನ್ನಷ್ಟೇ ಎಬ್ಬಿಸಿ, ಅದೇ ಅಳತೆಯದನ್ನು ಕಡೆದು ಕೂರಿಸಿ, “ರಾಯರ ಮನಿ ಕೆಲಸಾ ಅಂದ್ರ ಹಲ್ಲಿನ ಡಾಕ್ಟರ್ ಆಗಬೇಕ್ರಿ” ಎಂದು ಗೊಣಗುತ್ತ ಹೋದ.

ಇಂಥ ಮನುಷ್ಯನಿಗೆ ಒದಗಿದ ಹವ್ಯಾಸವಾದರೂ ಎಂಥದ್ದು! ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಆಡಳಿತ ನಡೆಸುವ ಒಂದು ತಿರುಳಿದೆ, ಅದೇ ಕರ್ನಲ್. ಆ ಕರ್ನಲಿನೊಳಗೆ ಒಂದೊಂದು ಕಾರ್ಡಿನ, ಒಂದೊಂದು ಪ್ರಿಂಟರಿನ ಭಾಷೆ ಬಲ್ಲ ದುಭಾಷಿಯಂಥ ಪುಟ್ಟ ಭಾಗಗಳಿವೆ, ಅವೇ ಡ್ರೈವರುಗಳು. ಲಿನಕ್ಸ್ ಎಂಬ ಕರ್ನಲನ್ನು ದೇಶದೇಶಗಳ ಸಾವಿರಾರು ಜನ ಸೇರಿ ಬರೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಆದರೆ ಹಳೆಯ ಯಂತ್ರಗಳು, ಪಳಗಿದ ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡು ದುಡಿಯುತ್ತಿರುವ ಯಂತ್ರಗಳು, ಹೊಸದರ ಭಾರವನ್ನು ಹೊರಲಾರವು. ಅಂಥವುಗಳಿಗಾಗಿ, ಹೊಸ ಆವೃತ್ತಿಯಲ್ಲಿ ಆಗಿರುವ ಡ್ರೈವರಿನ ದುರಸ್ತಿಯನ್ನಷ್ಟೇ ನಾಜೂಕಾಗಿ ಬಿಡಿಸಿಕೊಂಡು, ಹಳೆಯದರ ಅಳತೆಗೆ ಹೊಂದಿಸಿ ಕೂರಿಸುವ ಕೆಲಸವೊಂದಿದೆ; ಬ್ಯಾಕ್‌ಪೋರ್ಟ್ ಎಂದು ಅದರ ಹೆಸರು. ರಾಯರ ಎಡಜೇಬಿನಲ್ಲಿದ್ದದ್ದು ಹೊಸ ಆವೃತ್ತಿ, ಬಲಜೇಬಿನಲ್ಲಿದ್ದದ್ದು ಹಳೆಯದು. ತೊಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಬಂದ ಮೊದಲ ಕಂಪ್ಯೂಟರಿನ ಮೂಲಕ ಈ ಲೋಕವನ್ನು ಹೊಕ್ಕ ರಾಯರು, ತಮಗಾಗಿಯೇ ಯಾರೋ ಈ ಕೆಲಸವನ್ನು ಕಾಯ್ದಿರಿಸಿದ್ದರೆಂಬ ಹಿಗ್ಗಿನಿಂದ ಅದಕ್ಕೆ ಅಂಟಿಕೊಂಡರು. ಅವರು ಕಳಿಸಿದ ಯಾವ ದುರಸ್ತಿಯೂ ಐದು ಸಾಲು ಮೀರುತ್ತಿರಲಿಲ್ಲ. ವಾಡಿ ಸ್ಟೇಷನ್ನಿನ ಎದುರು ಇಂಟರ್ನೆಟ್ ಅಂಗಡಿ ಇಟ್ಟಿದ್ದ ಅಬ್ದುಲ್ ಮಜೀದ, ಅವರ ಇ-ಮೇಲುಗಳು ಹೊರಡುವುದನ್ನು ನೋಡಿ ನೋಡಿ, ಐದು ಸಾಲಿನ ರಾಯರೆಂದು ಹೆಸರಿಟ್ಟ.

ವಿನಯ ಎಂಬುದು ರಾಯರಿಗೆ ಗೊತ್ತಿರಲಿಲ್ಲ, ಅದನ್ನು ಮುಚ್ಚಿಡುವುದೇಕೆ? “ನನ್ನ ಐದು ಸಾಲು ಯಾವ ಯಾವ ದೇಶದಾಗ ಓಡಲಿಕತ್ತಾವ ಗೊತ್ತೇನ್ರಿ ಮಜೀದ?” ಎಂದು ಕೋಟಿನ ಎದೆ ತಟ್ಟಿ ಕೇಳುವರು. “ಗೊತ್ತಿಲ್ರಿ. ಆದರ ನಮ್ಮ ಪ್ರಿಂಟರು ಮುಂಜಾನಿಂದ ಓಡವಲ್ದು, ಜರಾ ನೋಡ್ರಿ” ಎನ್ನುವನು ಮಜೀದ. ರಾಯರಿಗೆ ಇನ್ನೊಂದು ಹೆಮ್ಮೆಯೂ ಇತ್ತು: ಕರ್ನಲ್ ಬರೆಯುವವರೆಲ್ಲ ಇ-ಮೇಲಿನಲ್ಲೇ ಸೇರಿ ಚರ್ಚಿಸುವ ಆ ಜಾಗತಿಕ ಮೇಲುಕೂಟಕ್ಕೆ ಇಷ್ಟು ವರ್ಷ ಉತ್ತರಗಳನ್ನು ಕಳಿಸಿದ್ದರೇ ಹೊರತು, ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದಾಗ ಅದೇ ಅಂಗಡಿಗೆ ಶಹಾಬಾದಿನಿಂದ ಸರ್ವರಬೇಗಂ ಬಂದರು. ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಮೇಲೆ ತಮ್ಮ ಮನೆಯ ಮುಂದಿನ ಕೋಣೆಗಳಲ್ಲಿ ಹೆಣ್ಣುಮಕ್ಕಳಿಗಾಗಿ ಕಂಪ್ಯೂಟರ್ ಕೇಂದ್ರವನ್ನು ತೆರೆದಿದ್ದ ಗಟ್ಟಿಗಿತ್ತಿ. ಬಿಳಿಯ ದುಪಟ್ಟಾ, ದಪ್ಪ ಕನ್ನಡಕ, ಇಡೀ ಮೈದಾನಕ್ಕೆ ಕೇಳುವ ದನಿ. “ರಾಯರ, ಹಳೇ ಮಷೀನಿಗೆ ಜೀವಾ ಕೊಡೋರು ನೀವ ಏನ್ರಿ? ಬರ್ರಿ, ನಮ್ಮ ಹನ್ನೆರಡು ಮುದುಕೇರ್ನ ಜರಾ ನೋಡ್ರಿ” ಎಂದವರೇ, ಉತ್ತರಕ್ಕೂ ಕಾಯದೆ ಸ್ಟೇಷನ್ನಿನ ಕಡೆಗೆ ಹೊರಟುಬಿಟ್ಟರು. ರಾಯರು ತಮ್ಮ ನಾಲ್ಕು ಹೆಜ್ಜೆಯ ಲೆಕ್ಕ ತಪ್ಪಿಸಿಕೊಂಡು ಹಿಂದೆ ಓಡಬೇಕಾಯಿತು.

ಕೇಂದ್ರದ ಹನ್ನೆರಡು ಕಂಪ್ಯೂಟರುಗಳೂ ಹೈದರಾಬಾದಿನಲ್ಲಿ ಯಾರೋ ತೆಗೆದೊಗೆದವು. ಎಲ್ಲರ ಕೆಲಸವೂ ಅವನ್ನೆಲ್ಲ ತಂತಿಯಿಂದ ಜೋಡಿಸಿದ, ಮೂಲೆಯಲ್ಲಿಟ್ಟ ಇನ್ನೊಂದು ದೊಡ್ಡ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಅದರೊಳಗಿನ ನೆಟ್‌ವರ್ಕ್ ಕಾರ್ಡು ಎಲ್ಲರೂ ಒಮ್ಮೆಲೇ ಸೇವ್ ಮಾಡಿದರೆ ಉಸಿರು ಕಟ್ಟಿ ಕೂತುಬಿಡುತ್ತಿತ್ತು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕೊನೆಯ ಗಂಟೆ ಹೊಡೆದ ಕ್ಷಣದಲ್ಲಿ ಹೀಗೆಯೇ ಆಗಿ, ಅರ್ಧ ಮಂದಿ ಹುಡುಗಿಯರ ಕೆಲಸ ಮಣ್ಣುಪಾಲಾಯಿತು. ಇನ್ನೊಮ್ಮೆ ಹೀಗಾದರೆ ಕೇಂದ್ರದ ಮಾನ್ಯತೆ ರದ್ದೆಂದು ಪರೀಕ್ಷಕರು ಹೇಳಿಹೋಗಿದ್ದರು. ಮಾನ್ಯತೆ ಹೋದರೆ ಕೇಂದ್ರ ಹೋದಂತೆ. ಕೇಂದ್ರ ಹೋದರೆ, ಶಹಾಬಾದಿನವರೆಗೆ ಮಗಳನ್ನು ಕಳಿಸಲು ಹೇಗೋ ಮನಸ್ಸು ಮಾಡಿದ್ದ ಮನೆಗಳು ಕಲಬುರಗಿಯವರೆಗೆ ಕಳಿಸುವಂತಿರಲಿಲ್ಲ. ಕಲ್ಲುಗಣಿಯವರ, ರೈಲ್ವೆ ಗ್ಯಾಂಗಿನವರ, ಕೂಲಿಯವರ ಆ ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಕಾರ್ಡು ಬದಲಿಸೋಣವೆಂದರೆ ಆ ಹಳೆಯ ಖಾನೆಗೆ ಹೊಂದುವ ಹೊಸ ಕಾರ್ಡು ಎಲ್ಲಿಯೂ ಸಿಗದು, ಹೊಸ ಕರ್ನಲ್ ಹಾಕೋಣವೆಂದರೆ ಪೆಟ್ಟಿಗೆ ಏಳದು.

ರಾಯರು ತಮ್ಮ ಧರ್ಮಕ್ಕನುಗುಣವಾಗಿ ಅತಿ ಕಡಿಮೆ ಖರ್ಚಿನ ಉಪಾಯವನ್ನೇ ಮೊದಲು ಸೂಚಿಸಿದರು. “ಬೇಗಂಸಾಹೇಬ್ರ, ಒಬ್ಬೊಬ್ಬರಾಗಿ ಸೇವ್ ಮಾಡಿದ್ರ ಆತಲ್ರಿ?”

ಸರ್ವರಬೇಗಂ ಕನ್ನಡಕ ತೆಗೆದು ಅವರನ್ನು ನೋಡಿದರು. “ನಳದ ಮುಂದ ಪಾಳಿ, ರೇಷನ್ ಅಂಗಡಿ ಮುಂದ ಪಾಳಿ. ಇಲ್ಲಿ ಬಂದು ಕುಂತ ಮ್ಯಾಲೂ ನಮ್ಮ ಹುಡುಗ್ಯಾರಿಗೆ ಪಾಳಿ ಹಚ್ಚು ಅಂತೀರಿ? ಗಂಟಿ ಹೊಡೀತಂದ್ರ ಎಲ್ಲಾರೂ ಒಮ್ಮೆಲೇ ಗುಂಡಿ ಒತ್ತತಾರ. ತಯಾರ ಇರು ಅಂತ ನಿಮ್ಮ ಕರ್ನಲಿಗೆ ಹೇಳ್ರಿ!”

ರಾಯರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಊರಿಗೆ ಮರಳುವಾಗ ರೈಲಿನಲ್ಲಿ ಅದನ್ನೇ ಹೇಳಿಕೊಂಡು ಒಬ್ಬರೇ ನಗುತ್ತಿದ್ದರು. ಅಂದಿನಿಂದ ಅವರ ಭಾನುವಾರಗಳೆಲ್ಲ ಶಹಾಬಾದಿನ ಪಾಲಾದವು. ಹೊಸ ಕರ್ನಲಿನಲ್ಲಿ ಅದೇ ಕಾರ್ಡಿಗೆ ಆಗಿದ್ದ ದುರಸ್ತಿಯನ್ನು ಹುಡುಕಿ ತೆಗೆದರು. ಉಸಿರು ಕಟ್ಟಿದ ಕಾರ್ಡನ್ನು ತಟ್ಟಿ ಎಬ್ಬಿಸಿ, ಮತ್ತೆ ಕೆಲಸಕ್ಕೆ ಹಚ್ಚುವ ದುರಸ್ತಿ ಅದು. ಅದರ ಸುತ್ತಮುತ್ತ ಇದ್ದದ್ದನ್ನೆಲ್ಲ ತಮಗೆ ಸಂಬಂಧವಿಲ್ಲವೆಂದು ಸೋಸಿ, ಐದೇ ಸಾಲು ಮಾಡಿ, ಹಳೆಯ ಡ್ರೈವರಿನಲ್ಲಿ ಕೂರಿಸಿದರು. ಆ ಭಾನುವಾರ ಬಂದಿದ್ದ ಆರು ಹುಡುಗಿಯರಿಂದ ಒಮ್ಮೆಲೇ ಸೇವ್ ಮಾಡಿಸಿದರೆ ಕಾರ್ಡು ಉಸಿರು ಕಟ್ಟಿ ಕೂರಲಿಲ್ಲ. ರಾಯರ ಆಚಾರ ಬಲ್ಲ ಬೇಗಂ ಬಾಳೆಯ ಹಣ್ಣು ತರಿಸಿ ಎದುರಿಗಿಟ್ಟರು. ರಾಯರು ಒಂದನ್ನು ಸುಲಿದು, ಅರ್ಧ ತಿಂದು, ಎಷ್ಟು ಬೇಕೋ ಅಷ್ಟ ಎಂದು ಕೈ ಒರೆಸಿಕೊಂಡರು.

ಪರೀಕ್ಷೆಗೆ ಒಂದು ವಾರ ಉಳಿದಿರಲು ಹನ್ನೆರಡೂ ಜನರನ್ನು ಕೂರಿಸಿ ತಾಲೀಮು ನಡೆಸಿದರು. ಬೇಗಂ ತಮ್ಮ ಶಾಲೆಯ ಹಳೆಯ ವೈಖರಿಯಲ್ಲಿ ಚಪ್ಪಾಳೆ ತಟ್ಟಿದರು. ಹನ್ನೆರಡು ಬೆರಳು ಒಮ್ಮೆಲೇ ಇಳಿದವು. ಮೂಲೆಯ ಪೆಟ್ಟಿಗೆ ಅಲ್ಲಿಯೇ ಕಲ್ಲಾಯಿತು. ಕಾರ್ಡು ಮಾತ್ರವಲ್ಲ, ಇಡೀ ಪೆಟ್ಟಿಗೆಯೇ ನಿಂತಿತ್ತು.

ನಾಲವಾರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಲುಂಬಿನಿ ಎಂಬ ಹುಡುಗಿ, ಹಿಂದಿನ ವರ್ಷ ಎಲ್ಲ ಕಳೆದುಕೊಂಡು ಎರಡನೆಯ ಸಲ ಕೂತಿದ್ದವಳು, ಮೆಲ್ಲಗೆ ಹೇಳಿದಳು: “ಸರ್, ಹೋದ ವರ್ಷ ಅರ್ಧ ಮಂದೀದಾದರೂ ಉಳದಿತ್ರಿ. ಈ ಸಲ ಎಲ್ಲಾರ್ದೂ ಹೋತು.”

ರಾಯರ ಮೋರೆ ಕೋಟಿನ ಬಣ್ಣಕ್ಕೆ ತಿರುಗಿತು. ಬೇಗಂ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು, ಅವರು ಬೈಯಲಿಲ್ಲ. “ಕುಂದ್ರಿ ರಾಯರ, ನೀರು ಕುಡೀರಿ” ಎಂದರು. ಆ ದನಿಯಲ್ಲಿ ಮೊದಲ ಸಲ ಮೈದಾನಕ್ಕೆ ಕೇಳುವ ಗತ್ತಿರಲಿಲ್ಲ.

ಅಂದು ಸಂಜೆ ಅವರು ಸ್ಟೇಷನ್ನಿನಿಂದ ಮನೆಯವರೆಗೆ ಒಮ್ಮೆಯೂ ನಿಲ್ಲದೆ, ಒಮ್ಮೆಯೂ ಹಿಂದೆ ನೋಡದೆ ನಡೆದು ಬಂದದ್ದನ್ನು ಕಂಡು ಬಾಗಿಲಲ್ಲಿ ನಿಂತಿದ್ದ ವೃಂದಾಬಾಯಿಗೆ ಎದೆ ಝಲ್ಲೆಂದಿತು.

“ಏನ್ರೀ, ಏನಾತು?”

“ನನಗ ತಿಳೀವಲ್ದು ವೃಂದಾ. ಇದ್ದದ್ದೆಲ್ಲಾ ಬರೋಬರಿ ಅದ. ಆದರೂ ನಿಂತದ.”

“ತಿಳೀದಿದ್ರ ಕೇಳ್ರಿ. ಆ ಮಂದಿ ಎಲ್ಲಾ ಅಲ್ಲೇ ಇದ್ದಾರಲ್ಲ.”

“ಇಷ್ಟು ವರ್ಷ ನಾ ಒಂದ ಪ್ರಶ್ನಾನೂ ಕೇಳಿಲ್ಲ.”

“ಹಂಗಾದ್ರ ಭಾಳ ಬಾಕಿ ಉಳದಾವ. ಒಂದಾದರೂ ಕೇಳ್ರಿ, ಕೈಕಾಲು ತೊಳಕೊಂಡು ಊಟಕ್ಕ ಬರ್ರಿ” ಎಂದು ವೃಂದಾಬಾಯಿ ಒಳಗೆ ಹೋದರು.

ಮರುದಿನ ಮಜೀದನ ಅಂಗಡಿಯಲ್ಲಿ ಕೂತು, ಕಹಿಮದ್ದು ಕುಡಿಯುವ ಮುಖ ಮಾಡಿಕೊಂಡು, ರಾಯರು ಮೂರು ಸಾಲಿನ ಪ್ರಶ್ನೆಯೊಂದನ್ನು ಮೇಲುಕೂಟಕ್ಕೆ ಕಳಿಸಿದರು. ಆ ಹಳೆಯ ಆವೃತ್ತಿಯನ್ನು ನೋಡಿಕೊಳ್ಳುತ್ತಿದ್ದ ಪರದೇಶದ ಗೃಹಸ್ಥನ ಉತ್ತರ ಮಾರನೆಯ ದಿನವೇ ಬಂತು: ಈ ಕಾರ್ಡನ್ನು ಇನ್ನೂ ಯಾರು ಬಳಸುತ್ತಿದ್ದಾರೆ? ಇದರಿಂದ ನಿಜವಾಗಿ ತೊಂದರೆಯಾಗಿರುವುದು ಯಾರಿಗೆ? ಆಗುವುದೇನೆಂದು ಮೊದಲಿನಿಂದ ಕ್ರಮವಾಗಿ ಬರೆಯಿರಿ. ಇಂಥ ಪಳಗಿದ, ಸ್ಥಿರ ಆವೃತ್ತಿಯನ್ನು ಮುಟ್ಟುವ ಮುನ್ನ ಹೀಗೆ ಕೇಳುವುದು ಆ ಕೂಟದ ಪದ್ಧತಿ. ನಿಜವಾಗಿಯೂ ತೊಂದರೆ ಪಡುವ ಜನರಿದ್ದರೆ ಮಾತ್ರ ಅಲ್ಲಿ ದುರಸ್ತಿಗೆ ಪ್ರವೇಶ. ರಾಯರೇ ಎಷ್ಟೋ ಜನರಿಗೆ ಈ ಪದ್ಧತಿಯನ್ನು ನೆನಪಿಸಿ ಉತ್ತರ ಕಳಿಸಿದ್ದರು. ಈಗ ತಮಗೇ ಕೇಳಿದಾಗ ಮೈಯೆಲ್ಲ ಉರಿಯಿತು. “ಯಾರಿಗೆ ತೊಂದರಿ ಅಂತ ಕೇಳ್ತಾನ ನೋಡ್ರಿ ಮಜೀದ! ಯಾರಿಗೆ ಅಂತ!” ಎಂದು ಕೂಗಿ, ಕೋಟಿನ ತೋಳು ಮಡಿಚಿ, ಬರೆಯತೊಡಗಿದರು.

ಬರೆದರು, ಬರೆದರು, ಬರೆದೇ ಬರೆದರು. ಕಲ್ಲಿನ ಧೂಳಿನಿಂದ ಬೆಳ್ಳಗಾದ ಶಹಾಬಾದನ್ನು, ನಾಲವಾರದಿಂದ ಬರುವ ರೈಲನ್ನು, ಪಾಳಿ ಹಚ್ಚಲು ಒಪ್ಪದ ಬೇಗಂಸಾಹೇಬರನ್ನು, ಎರಡನೆಯ ಸಲ ಕೂತ ಹುಡುಗಿಯನ್ನು, ಎಲ್ಲರನ್ನೂ ಬರೆದರು. ಮಜೀದನಿಗೆ ಗಾಬರಿಯಾಯಿತು. “ರಾಯರ, ಇವತ್ತ ಭಾಳ ಬರೀಲಿಕತ್ತೀರಿ. ತಬಿಯತ್ತು ಛಲೋ ಅದ ಇಲ್ರಿ?” ಎಂದು ಚಹಾ ತರಿಸಿದ. ರಾಯರಿಗೆ ಅದು ಕೇಳಿಸಲೇ ಇಲ್ಲ. ಗಂಟೆ ಹೊಡೆಯುತ್ತದೆ, ಹನ್ನೆರಡು ಜನ ಗುಂಡಿ ಒತ್ತುತ್ತಾರೆ, ಕಾರ್ಡು ಉಸಿರು ಕಟ್ಟುತ್ತದೆ, ನನ್ನ ಸಾಲುಗಳು ಅದನ್ನು ಎಬ್ಬಿಸಲು ಹೋಗುತ್ತವೆ, ಅಷ್ಟರಲ್ಲಿ ಉಳಿದವರ ಕೆಲಸವೂ ಒಳಗೆ ನುಗ್ಗುತ್ತದೆ ಎಂದು ಬರೆಯುತ್ತಿದ್ದ ಕೈ ಅಲ್ಲಿಯೇ ನಿಂತಿತು.

ಒಳಗೆ ನುಗ್ಗುವುದು ಹೇಗೆ? ಬಾಗಿಲು ಹಾಕಿರಬೇಕಲ್ಲ? ಹಾಕುವವರು ಯಾರು? ಹೊಸ ಕರ್ನಲಿನಲ್ಲಿ, ಕಾರ್ಡನ್ನು ಎಬ್ಬಿಸುವ ಮುನ್ನ ಬೇರೆ ಕೆಲಸ ಒಳಬರದಂತೆ ಬೀಗ ಹಾಕುವ ಹೊಣೆ ಇನ್ನೊಂದು ಭಾಗದ್ದು. ಹಳೆಯದರಲ್ಲಿ ಆ ಹೊಣೆ ಯಾರದೂ ಅಲ್ಲ, ಡ್ರೈವರೇ ಹಾಕಿಕೊಳ್ಳಬೇಕು. ತಾವು ಸಂಬಂಧವಿಲ್ಲವೆಂದು ಸೋಸಿ ಎಸೆದದ್ದರಲ್ಲಿ ಅದರ ಸುಳಿವಿತ್ತು! ಆರು ಜನ ಒತ್ತಿದಾಗ ನೂಕುನುಗ್ಗಲಿಲ್ಲದೆ ಪಾರಾದದ್ದು, ಹನ್ನೆರಡು ಜನ ಒತ್ತಿದಾಗ ಬಾಗಿಲಲ್ಲೇ ಸಿಕ್ಕಿಬಿತ್ತು. ರಾಯರು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತು ಗಹಗಹಿಸಿ ನಕ್ಕರು. “ಮಜೀದ, ಚಿಲಕಾ ಹಾಕಿದ್ದಿಲ್ರಿ! ಐದು ಸಾಲಾಗ ಚಿಲಕಾನ ಹಾಕಿದ್ದಿಲ್ಲ!” ಮಜೀದನಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ರಾಯರ ನಗು ಕಂಡು ಅವನೂ ನಕ್ಕ, ಎದುರಿನ ಚಹಾದಂಗಡಿಯವನೂ ನಕ್ಕ. ಬೀಗ ಹಾಕುವುದಕ್ಕೊಂದು ಸಾಲು, ತೆಗೆಯುವುದಕ್ಕೊಂದು ಸಾಲು. ಐದು ಸಾಲಿನ ರಾಯರು ಜೀವಮಾನದಲ್ಲಿ ಮೊದಲ ಸಲ ಏಳು ಸಾಲಿನವರಾದರು.

ಪರೀಕ್ಷೆಯ ದಿನ ಹೊರಗಿನವರಿಗೆ ಒಳಗೆ ಪ್ರವೇಶವಿರಲಿಲ್ಲ. ರಾಯರು ಎದುರಿನ ಬೇವಿನ ಮರದ ಕೆಳಗೆ, ಕೋಟಿನ ಎರಡೂ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದರು. ಮತ್ತೆ ಮತ್ತೆ ತಾಲೀಮು ಮಾಡಿ ನೋಡಿದ್ದೇನೋ ನಿಜ. ಆದರೂ ಆ ಹೊತ್ತಿನಲ್ಲಿ ಅವರಿಗೆ ತಮ್ಮ ಏಳು ಸಾಲಿನ ಮೇಲಾಗಲಿ, ಇಪ್ಪತ್ತು ವರ್ಷದ ಭೌತಶಾಸ್ತ್ರದ ಮೇಲಾಗಲಿ ಎಳ್ಳಷ್ಟೂ ಭರವಸೆಯಿರಲಿಲ್ಲ. ಗಂಟೆ ಹೊಡೆಯಿತು. ರಾಯರು ಕಣ್ಣು ಮುಚ್ಚಿಕೊಂಡರು. ಆಮೇಲೆ ಒಮ್ಮೆಲೇ ಹುಡುಗಿಯರ ಗದ್ದಲ, ಕುರ್ಚಿಗಳ ಸಪ್ಪಳ, ಬಾಗಿಲು ತೆರೆದ ಸದ್ದು, ಮೆಟ್ಟಿಲಿನ ಮೇಲೆ ನಿಂತ ಸರ್ವರಬೇಗಂ ಇಡೀ ಓಣಿಗೆ ಕೇಳುವಂತೆ ಕೂಗಿದರು: “ರಾಯರ! ಎಲ್ಲಾರ್ದೂ ಅದ! ಒಂದ ಅಕ್ಷರಾನೂ ಹೋಗಿಲ್ಲ!” ರಾಯರ ಕಣ್ಣಲ್ಲಿ ನೀರು ತುಂಬಿ ಬಂತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ. ಬಾಳೆಯ ಹಣ್ಣಿನ ಗೊನೆಯನ್ನೇ ಬೇಗಂ ತರಿಸಿದ್ದರು. ಅಂದು ರಾಯರು ಎಷ್ಟು ತಿಂದರೆಂಬುದನ್ನು ವೃಂದಾಬಾಯಿಗೆ ಯಾರೂ ಹೇಳಲಿಲ್ಲ.

ಇನ್ನು ಉಳಿದದ್ದು ಆ ದುರಸ್ತಿಯನ್ನು ಮೇಲುಕೂಟಕ್ಕೆ ಕಳಿಸುವ ಕೆಲಸ. ಬೇರೆಲ್ಲೋ ಇಂಥದೇ ಪೆಟ್ಟಿಗೆಯ ಮುಂದೆ ಕೂತವರಿಗೂ ಅದು ದಕ್ಕಬೇಕಲ್ಲ! ಪ್ರತಿಯೊಂದು ದುರಸ್ತಿಯ ಕೆಳಗೂ ದೋಷವನ್ನು ತಿಳಿಸಿದವರ ಹೆಸರನ್ನು, ದುರಸ್ತಿಯನ್ನು ಪರೀಕ್ಷಿಸಿ ನೋಡಿದವರ ಹೆಸರನ್ನು ಬರೆಯುವುದು ಆ ಕೂಟದಲ್ಲಿ ರೂಢಿ. ದೋಷ ತಿಳಿಸಿದವರು ಸರ್ವರಬೇಗಂ, ಶಹಾಬಾದ ಎಂದು ರಾಯರು ಬರೆದರು. ಅದರ ಕೆಳಗೆ ಒಂದೊಂದು ಹೆಸರಿಗೆ ಒಂದೊಂದು ಸಾಲಿನಂತೆ, ಪರೀಕ್ಷಿಸಿದವರು ಲುಂಬಿನಿ, ಹಸೀನಾಬೇಗಂ, ಅಮೃತಮ್ಮ, ಅಖ್ತರ ಬೇಗಂ, ಪದ್ಮಜಾ ಎಂದು ಹನ್ನೆರಡೂ ಹುಡುಗಿಯರ ಹೆಸರುಗಳನ್ನು ಬರೆದು ಕಳಿಸಿದರು.

ಪರದೇಶದ ಗೃಹಸ್ಥ ಬೆರಗಾಗಿ ಬರೆದ: ದುರಸ್ತಿ ಏಳು ಸಾಲಿನದು, ಹೆಸರುಗಳು ಅದಕ್ಕಿಂತ ಉದ್ದವಾದವು, ಒಂದೆರಡು ಹೆಸರು ಸಾಕಲ್ಲವೆ? ತಮ್ಮ ಆಯುಷ್ಯವಿಡೀ ಪರರಿಗೆ ಹೇಳಿದ ಮಾತು ತಮಗೇ ತಿರುಗಿ ಬಂದದ್ದನ್ನು ಓದಿ ರಾಯರು ಮುಗುಳ್ನಕ್ಕರು. ಅವರ ಉತ್ತರ ಚಿಕ್ಕದಾಗಿತ್ತು: ಆರು ಜನ ಒತ್ತಿದಾಗ ಈ ದೋಷ ಕಾಣಲಿಲ್ಲ, ಹನ್ನೆರಡೂ ಜನ ಒತ್ತಿದಾಗಲೇ ಕಂಡಿತು. ಇವರಲ್ಲಿ ಯಾರನ್ನು ತೆಗೆಯಲಿ, ನೀವೇ ಹೇಳಿ.

ಆತ ಯಾರನ್ನೂ ತೆಗೆಯಲಿಲ್ಲ. ಸ್ಥಿರ ಆವೃತ್ತಿಯ ಮುಂದಿನ ಬಿಡುಗಡೆಯಲ್ಲಿ ಏಳು ಸಾಲಿನ ದುರಸ್ತಿ, ಅದರ ವಿವರಣೆಯ ಕೆಳಗೆ ಅಷ್ಟೂ ಹೆಸರುಗಳು ಹಾಗೆಯೇ ಹೊರಬಿದ್ದವು. ಕೇಂದ್ರದ ಪರದೆಯ ಮೇಲೆ ಅದನ್ನು ತೆರೆದು ತೋರಿಸಿದ ದಿನ ಲುಂಬಿನಿ ತನ್ನ ಹೆಸರಿನ ಮೇಲೆ ಬೆರಳಿಟ್ಟು, “ಇದು ಎಲ್ಲೆಲ್ಲಿ ಹೋಗ್ತದ್ರಿ ಸರ್?” ಎಂದು ಕೇಳಿದಳು. “ಆ ಕಾರ್ಡು ಎಲ್ಲೆಲ್ಲಿ ಅದನೋ ಅಲ್ಲೆಲ್ಲಾ” ಎಂದರು ರಾಯರು. ಸರ್ವರಬೇಗಂ ಕನ್ನಡಕ ಏರಿಸಿಕೊಂಡು, ತಮ್ಮ ಹೆಸರು ಎಲ್ಲರಿಗಿಂತ ಮೇಲಿರುವುದನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡು, ಇನ್ನು ಪಾಠ ಶುರು ಮಾಡ್ರಿ ಎಂದು ಚಪ್ಪಾಳೆ ತಟ್ಟಿದರು.

ಪವಮಾನರಾಯರಂಥವರು ನಮ್ಮ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಹಳೆಯದನ್ನು ಎಸೆಯಲು ಬಿಡುವುದಿಲ್ಲ, ಹೊಸದನ್ನು ಪೂರಾ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯವರಿಗೆ ತಲೆನೋವು, ಗೌಂಡಿಗಳಿಗೆ ಶನಿಕಾಟ. ಅವರನ್ನು ಜಿಪುಣರೆಂದು ಆಡಿಕೊಂಡು ನಗುವುದು ಸುಲಭ, ನಾವೂ ಸಾಕಷ್ಟು ನಕ್ಕಿದ್ದೇವೆ. ಆದರೆ ಹತ್ತಿರ ಹೋಗಿ ನೋಡಿದರೆ ಆ ಬಿಗಿಮುಷ್ಟಿಯೊಳಗೆ ಒಂದು ವಿಚಿತ್ರವಾದ ಲೆಕ್ಕವಿರುತ್ತದೆ: ಬೇಡವೆಂದು ಅವರು ತಳ್ಳಿಹಾಕಿದ ವಸ್ತುಗಳಿಗೆ ಮಿತಿಯಿಲ್ಲ, ಬೇಡವೆಂದು ತಳ್ಳಿಹಾಕಿದ ಮನುಷ್ಯರು ಮಾತ್ರ ಎಷ್ಟು ಹುಡುಕಿದರೂ ಒಬ್ಬರೂ ಸಿಗುವುದಿಲ್ಲ.